ಎರಡನೆಯ ರೊಟ್ಟಿಯ ಇಂಗ್ಲಿಷು

ನಮ್ಮ ಮನೆಯಲ್ಲಿ ಮೊದಲನೆಯ ರೊಟ್ಟಿ ಪುಕ್ಕಟೆ. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಬೇಕಾಗಿತ್ತು. ವಾಕ್ಯವೆಂದರೆ ಬಾಯಿಗೆ ಬಂದದ್ದಲ್ಲ. ವೀರಶೆಟ್ಟಿ ಕಾಕಾ ಆ ದಿನ ನಡುಮನೆಯ ಕರಿಹಲಗೆಯ ಮೇಲೆ ಬರೆದಿಟ್ಟ ಜೋಡಿ ಪದ ಅದರೊಳಗೆ ಇರಲೇಬೇಕು, ಮತ್ತು ಮಾತು ನಮ್ಮ ದಿನನಿತ್ಯದ ಬದುಕಿನದಾಗಿರಬೇಕು. ‘ಗೆಟ್ ಅಪ್’ ಎಂದು ಬರೆದಿದ್ದರೆ ಹಾಸಿಗೆಯಿಂದ ಎದ್ದದ್ದನ್ನು ಹೇಳಬೇಕು, ‘ರನ್ ಔಟ್ ಆಫ್’ ಎಂದಿದ್ದರೆ ಅಡುಗೆಮನೆಯಲ್ಲಿ ಏನು ತೀರಿಹೋಯಿತೆಂದು ಹೇಳಬೇಕು. ಇಂಥ ಕಾನೂನು ಬೀದರ ಶಹರದ ಇನ್ನಾವ ಮನೆಯಲ್ಲೂ ಇದ್ದಿರಲಾರದು. ಇದ್ದಿದ್ದರೆ ಆ ಮನೆಯ ಮಕ್ಕಳೂ ನನ್ನ ಹಾಗೆಯೇ ಯಾರನ್ನೂ ಸುಲಭಕ್ಕೆ ಮೆಚ್ಚದ, ಎದುರಿನವರು ಬಾಯಿ ತೆರೆಯುವ ಮೊದಲೇ ತುಟಿ ಸೊಟ್ಟ ಮಾಡುವ ಮಂದಿಯಾಗಿ ಬೆಳೆದಿರುತ್ತಾರೆ. ನನ್ನ ಈ ಗುಣ ಕಂಡು ಸಿಟ್ಟಾಗುವವರು ಬಹಳ. ಅವರಿಗೆ ನಾನು ಹೇಳುವುದಿಷ್ಟೇ: ಇದು ಹುಟ್ಟುಗುಣವಲ್ಲ, ಊಟದ ಪಂಕ್ತಿಯಲ್ಲಿ ಕುಳಿತು ಸಂಪಾದಿಸಿದ್ದು.

ಮನೆ ಇದ್ದದ್ದು ಮೈಲೂರಿನಲ್ಲಿ. ಮುಂದೆ ಪಡಸಾಲೆ, ನಡುವೆ ಶಹಾಬಾದ ಕಲ್ಲಿನ ನೆಲದ ನಡುಮನೆ, ಹಿಂದೆ ತಗಡು ಹೊದಿಸಿದ ಅಡುಗೆಮನೆ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ನಿಂತು ಅವ್ವ ರೊಟ್ಟಿ ಬಡಿಯುವಾಗ ಅವಳ ಹಣೆಯ ವಿಭೂತಿ ಬೆವರಿನೊಂದಿಗೆ ಇಳಿದು ಹುಬ್ಬಿಗೆ ಬರುತ್ತಿತ್ತು. ಅಪ್ಪ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಭಾಲ್ಕಿ ತಾಲೂಕಿನ ಮೆಹಕರದ ಹೊಲಮನೆಯಿಂದ ಓದಿ ಮೇಲೆ ಬಂದವನು. ಕಾಕಾ ಅವನ ಒಬ್ಬನೇ ತಮ್ಮ. ಭಾಲ್ಕಿಯಲ್ಲಿ ಕಾಲೇಜು ಸೇರಿದ್ದ, ಆ ಕಾಲೇಜು ತನ್ನ ಯೋಗ್ಯತೆಗೆ ಕಡಿಮೆಯಾಯಿತೆಂದು ಬಿಟ್ಟ. ಈ ವಿಷಯದಲ್ಲಿ ಕಾಲೇಜಿನವರ ಅಭಿಪ್ರಾಯ ಬೇರೆಯೇ ಇತ್ತೆಂದು ಕೇಳಿದ್ದೇನೆ. ಆಮೇಲೆ ಹೈದರಾಬಾದಿಗೆ ಹೋಗಿ ಕೆಲವು ತಿಂಗಳು ಯಾರದೋ ಬಟ್ಟೆಯಂಗಡಿಯಲ್ಲಿ ಕುಳಿತು, ಒಂದು ತಂಪು ಕನ್ನಡಕ ಮತ್ತು ಹಳದಿ ರಟ್ಟಿನ ಒಂದು ಪುಸ್ತಕದೊಂದಿಗೆ ತಿರುಗಿ ಬಂದ. ಬಂದವನೇ ನಮ್ಮ ಪಡಸಾಲೆಯಲ್ಲಿ ಇಂಗ್ಲಿಷ್ ಕ್ಲಾಸು ತೆರೆದ. ಅಪ್ಪನಿಗೆ ತಮ್ಮನೆಂದರೆ ಮೊದಲಿನಿಂದಲೂ ಬೆರಗು. ಕಚೇರಿಯಲ್ಲಿ ಮೇಲಿನವರ ಇಂಗ್ಲಿಷಿಗೆ ತಲೆ ತಗ್ಗಿಸಿ ನಿಂತು ಬರುವ ಮನುಷ್ಯ ಮನೆಯಲ್ಲೂ ತಲೆ ತಗ್ಗಿಸಲು ಒಂದು ಜಾಗ ಸಿಕ್ಕಿತೆಂದು ಖುಷಿಪಟ್ಟ.

ಹಲಗೆಯನ್ನು ಗೋಡೆಗೆ ಬಡಿದ ದಿನ ಕಾಕಾ ನಮ್ಮನ್ನೆಲ್ಲ ಕೂಡಿಸಿ ಭಾಷಣ ಮಾಡಿದ.

“ಇಂಗ್ಲಿಷ್ ಬರೋದಂದ್ರ ದೊಡ್ಡ ದೊಡ್ಡ ಶಬ್ದ ಅಲ್ಲ. ಫ್ರೇಜಲ್ ವರ್ಬ್ ಬರಬೇಕು! ಲುಕ್ ಅಂದ್ರ ನೋಡೋದು. ಲುಕ್ ಆಫ್ಟರ್ ಅಂದ್ರ ಜ್ವಾಕಿ ಮಾಡೋದು. ಲುಕ್ ಫಾರ್ ಅಂದ್ರ ಹುಡುಕೋದು. ಲುಕ್ ಡೌನ್ ಆನ್ ಅಂದ್ರ ಕೀಳಾಗಿ ನೋಡೋದು. ಬಾಲ ಬದಲಾದ್ರ ಅರ್ಥ ಬದಲಾತು. ಸಾಹೇಬ್ರು ದಿನಾ ಹಿಂಗೇ ಮಾತಾಡ್ತಾರ.”

“ಹಂಗಾರ ನಮ್ಮನ್ಯಾಗ ಯಾರಿಗಿ ಕಲಸ್ತಿ?” ಎಂದು ಅಪ್ಪ ಹುಮ್ಮಸ್ಸಿನಿಂದ ಕೇಳಿದ.

“ಎಲ್ಲರಿಗಿ. ವೈನಿ ಒಬ್ರನ್ನ ಬಿಟ್ಟು. ಅವರಿಗಿ ಯಾಕ ತ್ರಾಸು?”

ಅವ್ವ ಒಳಗೆ ಹೋಗಿ ಒಲೆಯ ಮೇಲಿನ ಬೇಳೆ ನೋಡಿದಳು. ಕ್ರಿಯಾಪದಕ್ಕೆ ಇನ್ನೊಂದು ಪದ ಸೇರಿ ಅರ್ಥ ತಿರುಗುವುದೇ ಅಷ್ಟು ದೊಡ್ಡ ವಿದ್ಯೆಯಾದರೆ ನನ್ನ ಅವ್ವ ಅದನ್ನು ದಿನವಿಡೀ ಮಾಡುತ್ತಿದ್ದಳು. ಅವಳ ಮಾತಿನಲ್ಲಿ ಬೆಕ್ಕು ಹಾಲು ಕುಡಿಯುತ್ತಿರಲಿಲ್ಲ, ಕುಡಿದುಹಾಕುತ್ತಿತ್ತು. ನೆಂಟರು ಬರುತ್ತಿರಲಿಲ್ಲ, ಬಂದುಹೋಗುತ್ತಿದ್ದರು. ಕೆಲಸವನ್ನು ಅವಳು ಮಾಡುತ್ತಿರಲಿಲ್ಲ, ಮಾಡಿಬಿಡುತ್ತಿದ್ದಳು. ಇದಕ್ಕೆ ಅವಳು ಹಲಗೆ ಹೊಡೆಯಲಿಲ್ಲ, ಯಾರ ರೊಟ್ಟಿಯನ್ನೂ ಹಿಡಿದಿಡಲಿಲ್ಲ. ಆದರೆ ಇದು ಆಗ ನನಗೆ ಹೊಳೆದದ್ದಲ್ಲ. ಆಗ ನನಗೆ ಹೊಳೆಯುತ್ತಿದ್ದದ್ದು ಹಸಿವು ಮಾತ್ರ.

ಊಟಕ್ಕೆ ಅಪ್ಪ, ಕಾಕಾ, ಅಣ್ಣ ಶಾಮು, ನಾನು ಸಾಲಾಗಿ ಕೂಡುತ್ತಿದ್ದೆವು. ಅವ್ವ ಬಿಸಿ ರೊಟ್ಟಿ ತಂದು ಒಂದೊಂದು ಹಾಕುತ್ತಿದ್ದಳು. ಪುಂಡಿಪಲ್ಯ, ತೊಗರಿ ಬೇಳೆ, ಶೇಂಗಾ ಹಿಂಡಿ. ಮೊದಲನೆಯ ರೊಟ್ಟಿ ಮುಗಿಯುತ್ತ ಬಂದಂತೆ ಎಲ್ಲರ ಕಣ್ಣೂ ಹಲಗೆಯ ಕಡೆ ಹೋಗುತ್ತಿತ್ತು. ಅಪ್ಪ ಬೆಳಿಗ್ಗೆಯೇ ಒಂದು ವಾಕ್ಯ ಬಾಯಿಪಾಠ ಮಾಡಿ ಇಟ್ಟುಕೊಂಡಿರುತ್ತಿದ್ದ. ಅದನ್ನು ಗಟ್ಟಿಯಾಗಿ ಒಪ್ಪಿಸಿ, ಕಾಕಾ ತಲೆ ಆಡಿಸಿದ ಮೇಲೆ, ತನ್ನದೇ ದುಡಿಮೆಯ ಜೋಳದ ಎರಡನೆಯ ರೊಟ್ಟಿಗೆ ತಟ್ಟೆ ಮುಂದೆ ಮಾಡುತ್ತಿದ್ದ. ಅಪ್ಪನ ಮುಖದಲ್ಲಿ ಆಗ ಕಾಣುತ್ತಿದ್ದ ಆ ಸಂತೋಷದಷ್ಟು ನನಗೆ ಅಸಹ್ಯವಾದದ್ದು ಜೀವನದಲ್ಲಿ ಇನ್ನೊಂದಿಲ್ಲ. ಕಾಕಾನಿಗೆ ಮಾತ್ರ ವಾಕ್ಯದ ಹಂಗಿರಲಿಲ್ಲ. ಕಲಿಸುವವನು ಪರೀಕ್ಷೆ ಬರೆಯುತ್ತಾನೆಯೇ ಎಂದು ನಗುತ್ತಿದ್ದ ಮತ್ತು ಬೇಕಾದಷ್ಟು ಉಣ್ಣುತ್ತಿದ್ದ.

ಈ ಕಾನೂನಿನಿಂದ ನಾವು ಕಲಿತದ್ದು ಇಂಗ್ಲಿಷನ್ನಲ್ಲ, ಸುಳ್ಳನ್ನು. ಹಲಗೆಯ ಮೇಲೆ ‘ಬ್ರೇಕ್ ಡೌನ್’ ಬಂದಾಗಲೆಲ್ಲ ಶಾಮು ಭಾಲ್ಕಿಯ ಬಸ್ಸನ್ನು ಕೆಡಿಸಿ ನಿಲ್ಲಿಸುತ್ತಿದ್ದ. ‘ಬ್ರೇಕ್ ಇನ್’ ಬಂದರೆ ಮೈಲೂರಿನ ಮನೆಮನೆಗೂ ಕಳ್ಳರು ನುಗ್ಗುತ್ತಿದ್ದರು. ‘ಪಾಸ್ ಅವೇ’ ಬಂದ ದಿನ ನಾನು ಎದುರು ಮನೆಯ ಮುದುಕಿಯನ್ನು ಸಾಯಿಸಿ ರೊಟ್ಟಿ ಉಂಡೆ. ಆಕೆ ಅದೇ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಿಂತು ಹೆಪ್ಪಿಗೆ ಒಂದಿಷ್ಟು ಮಜ್ಜಿಗೆ ಕೇಳುತ್ತಿದ್ದಳು. ನಿಜವಾಗಿ ನಡೆದದ್ದನ್ನು ಹೇಳಲು ಮಾತ್ರ ಹಲಗೆಯ ಮೇಲೆ ಎಂದೂ ಪದ ಸಿಗುತ್ತಿರಲಿಲ್ಲ. ಅವ್ವನಿಗೆ ಮೈಸುಡುವ ಜ್ವರ ಬಂದ ದಿನ ಅಲ್ಲಿ ‘ಟರ್ನ್ ಆನ್’ ಎಂದಿತ್ತು. ಜ್ವರವನ್ನು ಅದರಲ್ಲಿ ಕೂಡಿಸಲು ನನಗೆ ಬರಲಿಲ್ಲ. ‘ಮದರ್ ಟರ್ನ್ಡ್ ಆನ್ ದಿ ಲೈಟ್’ ಎಂದೆ. ಕಾಕಾ ಶಹಬ್ಬಾಸ್ ಎಂದ. ಅವ್ವ ಚಳಿಗೆ ನಡುಗುತ್ತ ಬಂದು ನನ್ನ ತಟ್ಟೆಗೆ ರೊಟ್ಟಿ ಹಾಕಿದಳು.

ಹೀಗಿರುವಾಗ ಮುತ್ಯಾ ಬಂದ. ಅವ್ವನ ಅಪ್ಪ ಮಾಣಿಕಪ್ಪ, ಔರಾದ ತಾಲೂಕಿನ ಎಕಂಬಾದವನು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೀದರಿನ ದವಾಖಾನೆಯ ಡಾಕ್ಟರು ನೋಡಿ, ಎಡಗಣ್ಣಿನದು ಬಹಳ ಬಲಿತಿದೆ, ತಡವಾದರೆ ಆ ಕಣ್ಣು ಸಿಗುವುದಿಲ್ಲ ಎಂದು ಹೇಳಿ, ಆಪರೇಷನ್ನಿಗೆ ತಾರೀಖು ಕೊಟ್ಟಿದ್ದರು. ಅಲ್ಲಿಯವರೆಗೆ ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು. ಹಳ್ಳಿಯಲ್ಲಿ ಅದು ಆಗುವ ಮಾತಲ್ಲವೆಂದು ಅವ್ವ ಹಟ ಮಾಡಿ ಕರೆಸಿಕೊಂಡಿದ್ದಳು. ಅವಳು ಅಷ್ಟು ಸಡಗರಪಟ್ಟದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹಾಸಿ, ಔಷಧಿ ಬಿಡುವಾಗಲೆಲ್ಲ ಅವನ ಗದ್ದ ಹಿಡಿದು ಒಂದೇ ಮಾತು ಹೇಳುತ್ತಿದ್ದಳು.

“ಇನ್ನ ಸ್ವಲ್ಪ ದಿನ ಅಪ್ಪಾ. ಮತ್ತ ನೀ ನನ್ನ ಮಾರಿ ನೋಡ್ತಿ.”

“ನಿನ್ನ ಮಾರಿ ನೋಡ್ಲಾಕ ಕಣ್ಣು ಬೇಕೇನವ್ವಾ?” ಎಂದು ಮುತ್ಯಾ ನಗುತ್ತಿದ್ದ. ಆದರೆ ಬೇಕಾಗಿತ್ತು. ಅವ್ವ ಆಚೆ ಹೋದ ಮೇಲೆ ಅವನು ಕೈಯನ್ನು ಕಣ್ಣ ಮುಂದೆ ಹಿಡಿದು, ದೂರ ಮಾಡಿ, ಹತ್ತಿರ ತಂದು ಪರೀಕ್ಷೆ ಮಾಡಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಬಂದ ದಿನವೇ ಅವನಿಗೆ ಕಾನೂನು ತಿಳಿಯಿತು. ಮುತ್ಯಾ ಹೊಲದ ಮನುಷ್ಯ. ಎಕಂಬಾದಲ್ಲಿ ಮೂರು ನಾಲ್ಕು ರೊಟ್ಟಿ ಉಂಡು, ಮೇಲೊಂದು ತಂಬಿಗೆ ಮಜ್ಜಿಗೆ ಕುಡಿದು ಏಳುವವನು. ನಮ್ಮಲ್ಲಿ ಒಂದೇ ರೊಟ್ಟಿ ಉಂಡು ಏಳತೊಡಗಿದ. ವಯಸ್ಸಾಯಿತು, ಹಸಿವಿಲ್ಲ ಎನ್ನುತ್ತಿದ್ದ. ಅಪ್ಪ ಅದನ್ನು ನಂಬಿದ. ನಂಬುವುದು ಅವನಿಗೆ ಅನುಕೂಲವಾಗಿತ್ತು. ಅವ್ವ ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹೋಗಿ ಮುತ್ಯಾನ ಕೈಗೆ ಕೊಡುತ್ತಿದ್ದಳು, ತನ್ನ ಮನೆಯಲ್ಲೇ ಕದ್ದು. ಒಂದು ದಿನ ತಡೆಯಲಾರದೆ ಕಾಕಾನ ಮುಂದೆ ನಿಂತಳು.

“ವೀರಶೆಟ್ಟಿ, ನಮ್ಮಪ್ಪಗ ಅದೊಂದು ಬಿಟ್ಬಿಡ್ರಿ. ಮುದುಕ ಮನುಷ್ಯ.”

“ನಿಯಮ ಅಂದ್ರ ನಿಯಮ ವೈನಿ. ಇವತ್ತ ಮಾಮಾರಿಗಿ ಬಿಟ್ರ ನಾಳಿ ಶಾಮ್ಯಾ ನನಗೂ ಬಿಡು ಅಂತಾನ. ಖಾಲಿ ಒಂದ್ ವಾಕ್ಯ. ನಾನೇ ಹೇಳಿ ಕೊಡ್ತೇನಿ, ತಿರುಗಿ ಅಂದ್ರ ಸಾಕು.”

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಗೋಡೆಯ ಕಡೆ ನೋಡಿದ.

“ಅವ ಎಲ್ಲರ ಒಳ್ಳೇದಕ್ಕೇ ಮಾಡ್ತಾನ” ಎಂದ.

ಆ ವಾರವೇ ಹಲಗೆಯ ಮೇಲೆ ‘ಲುಕ್ ಫಾರ್’ ಬಂತು. ಸಂಜೆ ಕ್ಲಾಸಿನ ಹುಡುಗರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಕಾಕಾನಿಗೆ ಪಾಠವನ್ನು ಕಣ್ಣಿಗೆ ಕಟ್ಟುವಂತೆ ಮಾಡುವ ಹುಚ್ಚು. ಮೂಲೆಯಲ್ಲಿ ಮಲಗಿದ್ದ ಮುತ್ಯಾನನ್ನು ಕರೆದ.

“ಮಾಮಾರ, ಜರಾ ಇಲ್ಲಿ ಬರ್ರಿ. ಹುಡುಗ್ರಿಗಿ ಒಂದ್ ಪಾಠ ತೋರ್ಸೋದದ.”

ಮುತ್ಯಾನಿಗೆ ಖುಷಿಯಾಯಿತು. ರುಮಾಲು ಸರಿಮಾಡಿಕೊಂಡು, ಗೋಡೆ ಹಿಡಿದು ಬಂದ.

“ನನ್ನಿಂದ ಎಂಥ ಪಾಠಪಾ?”

“ನಿಮ್ಮ ಚಪ್ಲಿ ಹುಡುಕ್ರಿ ಸಾಕು. ಇಲ್ಲೇ ಅವ.”

ಚಪ್ಪಲಿಯನ್ನು ಕಾಕಾ ಮೊದಲೇ ಬಾಗಿಲಿನಿಂದ ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡಿದ್ದ. ಮುತ್ಯಾ ಬಗ್ಗಿ, ಬಾಗಿಲ ಬಳಿ ನೆಲ ತಡವಿದ. ಆಮೇಲೆ ಇನ್ನೊಂದು ಕಡೆ ತಡವಿದ. “ಸೀ! ಹಿ ಈಸ್ ಲುಕಿಂಗ್ ಫಾರ್ ಹಿಸ್ ಚಪ್ಪಲ್ಸ್. ಬರ್ಕೋರಿ ಎಲ್ಲರೂ” ಎಂದು ಕಾಕಾ ಕೂಗಿದ. ಮುತ್ಯಾನ ಕೈ ಚಪ್ಪಲಿಗೆ ಹತ್ತಿರವಾದಾಗ ಕಾಕಾ ಅವನ್ನು ಕಾಲಿನಿಂದ ಇನ್ನಷ್ಟು ಆಚೆ ತಳ್ಳಿದ, ಹುಡುಗರು ಬರೆದು ಮುಗಿಸಲಿ ಎಂದು. ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಮುತ್ಯಾ ಬಗ್ಗಿದ ಕಡೆಯಲ್ಲೇ ನಿಂತ. ನಗು ಯಾವುದಕ್ಕೆ ಎಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು, ಮತ್ತು ತಿಳಿದದ್ದು ಅವನ ಮುಖದ ಮೇಲೆ ಕಂಡಿತು. ಅಡುಗೆಮನೆಯ ಬಾಗಿಲಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ನಾನು ಹೋಗಿ ಚಪ್ಪಲಿ ತಂದು ಅವನ ಕಾಲಿಗೆ ಹಾಕಿದೆ. ಕಾಕಾ ನನಗೆ ಪಾಠ ಕೆಡಿಸಿದೆ ಎಂದು ಬೈದ.

ಊಟಕ್ಕೆ ಕುಳಿತಾಗ ಕಾಕಾ ಬಹಳ ಉಲ್ಲಾಸದಲ್ಲಿದ್ದ.

“ಮಾಮಾರಿಗಿ ಇವತ್ತ ಭಾಳ ಸರಳ ಅದ. ಐ ಲುಕ್ಡ್ ಫಾರ್ ಮೈ ಚಪ್ಪಲ್ಸ್. ಇಷ್ಟ ಅಂದ್ರ ಮುಗೀತು. ಎರಡನೇ ರೊಟ್ಟಿ ನಿಮ್ದೇ.”

ಅವ್ವ ಎರಡನೆಯ ರೊಟ್ಟಿ ಕೈಯಲ್ಲಿ ಹಿಡಿದು ಬಂದು ನಿಂತಿದ್ದಳು. ರೊಟ್ಟಿಯಿಂದ ಹಬೆ ಏಳುತ್ತಿತ್ತು. ಅಪ್ಪ ತನ್ನ ತಟ್ಟೆಯ ಬೇಳೆಯನ್ನು ಬೆರಳಿನಿಂದ ಕಲಸುತ್ತಲೇ ಇದ್ದ. ಅವನು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಕನ್ನಡದಲ್ಲೇ ಅನ್ನಬಹುದಾಗಿತ್ತು.

ಮುತ್ಯಾ ಹೇಳಿದ: “ತಮ್ಮಾ, ನಮ್ಮ ಎಕಂಬಾದಾಗ ಬಾಗ್ಲಿಗಿ ಬಂದೋರಿಗಿ ಮೊದ್ಲು ಉಣ್ರಿ ಅಂತೀವಿ. ಹೆಸರು ಸೈತ ಆಮ್ಯಾಲ ಕೇಳ್ತೀವಿ.”

ಇಷ್ಟು ಹೇಳಿ ಎದ್ದು ಕೈ ತೊಳೆದುಕೊಂಡ. ಮರುದಿನ ಬೆಳಿಗ್ಗೆ ತನ್ನ ಗಂಟು ಕಟ್ಟಿ ಪಡಸಾಲೆಯಲ್ಲಿ ಕುಳಿತಿದ್ದ. ಅವ್ವ ಅವನ ಕಾಲು ಹಿಡಿದಳು.

“ಅಪ್ಪಾ, ದವಾಖಾನಿ ತಾರೀಖು ಬಂದೇ ಬಿಡ್ತು. ನಿನ್ನ ಕಣ್ಣಪ್ಪಾ. ಇಷ್ಟು ದಿನ ತಡಕೊಂಡೀದಿ, ಇನ್ನ ನಾಕು ದಿನ.”

“ಕಣ್ಣು ಕಾಣ್ಲಿಲ್ಲಂದ್ರೂ ಊರಾಗ ಹೊಟ್ಟಿ ತುಂಬ ಉಣ್ತೀನವ್ವಾ. ನನ್ನ ಬಸ್ಸಿಗಿ ಹತ್ತಿಸು.”

ಅವ್ವ ಎದ್ದು ಒಳಗೆ ಹೋದಳು. ಅಳುತ್ತಾಳೆಂದು ನಾನು ತಿಳಿದೆ. ಆದರೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಬುಟ್ಟಿ ತುಂಬುವಷ್ಟು ಬಡಿದಳು. ಬಿಳಿ ಬಟ್ಟೆ ಮುಚ್ಚಿ ಬುಟ್ಟಿಯನ್ನು ತಂದು ನಡುಮನೆಯಲ್ಲಿ, ಹಲಗೆಯ ಕೆಳಗೆ, ಅಪ್ಪನ ಮುಂದೆ ಇಟ್ಟಳು.

“ರೊಟ್ಟಿ ಅವ. ಯಾರಿಗಿ ಎಷ್ಟು ಬೇಕೋ ತಗೋರಿ, ನಾ ಯಾರಿಗೂ ಕೇಳಂಗಿಲ್ಲ. ಇವು ತೀರಿದ ಮ್ಯಾಲ ನಿಮ್ಮ ತಮ್ಮನ್ನ ಕೇಳ್ರಿ. ನಾ ನಮ್ಮಪ್ಪನ ಸಂಗಟ ಹೋಗ್ತೇನಿ.”

“ಮತ್ತ ಯಾವಾಗ ಬರ್ತಿ?”

“ನಮ್ಮಪ್ಪ ಈ ಮನ್ಯಾಗ ಹೊಟ್ಟಿ ತುಂಬ ಉಣ್ಣೋ ದಿನ ಬರ್ತೇನಿ.”

ಶಾಮುವಿಗೆ ಸಾಲೆ ಇತ್ತು. ಹುಡುಗಿಯಾದ ನನ್ನ ಸಾಲೆಯ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ನಾನೂ ಜೊತೆಗೆ ಹೊರಟೆ. ಔರಾದಿನಲ್ಲಿ ಬಸ್ಸು ಬದಲಿಸಿ ಎಕಂಬಾ ಮುಟ್ಟಿದೆವು. ಆ ಮಧ್ಯಾಹ್ನ ಮುತ್ಯಾ ನಾಲ್ಕು ರೊಟ್ಟಿ ಉಂಡ. ಅವ್ವ ಎದುರಿಗೆ ಕುಳಿತು ನೋಡಿ ಆಗ ಅತ್ತಳು. ತಾರೀಖಿನ ಹಿಂದಿನ ದಿನ ಮತ್ತೊಮ್ಮೆ ಬೇಡಿಕೊಂಡಳು. ಅವನು ಒಪ್ಪಲಿಲ್ಲ. ಆ ಮನೆಗೆ ಹೋಗದೆ ದವಾಖಾನೆಗೆ ಹೋಗಿ ಬಂದರೆ ಮಗಳ ಸಂಸಾರ ಒಡೆದ ಸುದ್ದಿ ಬೀದರಿನ ತುಂಬ ಆಗುತ್ತದೆ, ಆ ಮನೆಗೆ ಹೋಗಲು ತನ್ನ ಕಾಲು ಏಳುವುದಿಲ್ಲ ಎಂದ. ತಾರೀಖು ಬಂದು ಹೋಯಿತು. ಅಪ್ಪ ಬರಲಿಲ್ಲ. ತಮ್ಮನ ಮನಸ್ಸು ಕೆಡಿಸುವುದಕ್ಕಿಂತ ಮುದುಕನ ಕಣ್ಣು ಕೆಡುವುದು ಅವನಿಗೆ ಹಗುರವಾಗಿ ಕಂಡಿರಬೇಕು.

ಮೈಲೂರಿನವರು ಬಂದದ್ದು ಎಳ್ಳಮಾವಾಸ್ಯೆಗೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮಾಡಿ, ಹೊಲದ ತುಂಬ ಎಡೆಯ ಚರಗ ಚೆಲ್ಲಿ, ಆಮೇಲೆ ಊಟ. ಸಜ್ಜೆ ರೊಟ್ಟಿ, ಹತ್ತೆಂಟು ಕಾಳು ಕಾಯಿಪಲ್ಯ ಕೂಡಿಸಿ ಬೇಯಿಸಿದ ಭಜ್ಜಿ, ಮಡಕೆಯ ಅಂಬಲಿ. ದಾರಿಯಲ್ಲಿ ಹೋಗುವ ಯಾರನ್ನಾದರೂ ಕೂಗಿ ಕರೆದು ಉಣಿಸದೆ ಕಳಿಸುವುದಿಲ್ಲ. ನಾವು ಊಟಕ್ಕೆ ಕುಳಿತಿದ್ದೆವು. ಬದುವಿನ ಮೇಲೆ ಅಪ್ಪ, ಶಾಮು, ಅವರ ಹಿಂದೆ ತಂಪು ಕನ್ನಡಕದ ಕಾಕಾ ಬಂದು ನಿಂತರು. ಅಪ್ಪ ಒಂದಿಷ್ಟು ಸೊರಗಿದ್ದ. ಕಾಕಾ ಚೆನ್ನಾಗಿಯೇ ಸೊರಗಿದ್ದ. ಬುಟ್ಟಿಯ ರೊಟ್ಟಿ ತೀರಿದ ಮೇಲೆ ಇಬ್ಬರೂ ಏನೇನು ಬೇಯಿಸಿ ಏನೇನು ಕರಕು ಮಾಡಿದರೆಂದು ಶಾಮು ಆಮೇಲೆ ನನಗೆ ವಿವರವಾಗಿ ಹೇಳಿದ. ಆ ವಿವರ ನನಗೆ ಈಗಲೂ ಸಂತೋಷ ಕೊಡುತ್ತದೆ.

ಮುತ್ಯಾನಿಗೆ ಬದುವಿನ ಮೇಲೆ ಯಾರೋ ನಿಂತ ನೆರಳಷ್ಟೇ ಕಂಡಿತು.

“ಯಾರೋ ನಿಂತಾಂಗ ಅದ. ಯಾರರೆ ಇರ್ರಿ, ಬರ್ರಿ. ಎಳ್ಳಮಾಸಿ ದಿನ ಹೊಲಕ ಬಂದೋರು ಹಾಂಗೇ ಹೋಗಬಾರ್ದು. ಕೂಡ್ರಿ, ಉಣ್ರಿ.”

ಯಾರು ಬಂದಿದ್ದಾರೆಂದು ಹೇಳಲು ನಾನು ಬಾಯಿ ತೆರೆದೆ. ಅವ್ವ ನನ್ನ ತೊಡೆ ಚಿವುಟಿದಳು. ಮೂವರೂ ಬಂದು ಕುಳಿತರು. ಅವ್ವ ಹಾಕಿದಳು. ಕಾಕಾ ಮೊದಲನೆಯ ರೊಟ್ಟಿ ಮುಗಿಸಿದ. ಅವ್ವ ಎರಡನೆಯದನ್ನು ಹಾಕಿದಳು. ಅದೂ ಮುಗಿಯಿತು, ಮೂರನೆಯದನ್ನು ಹಾಕಿದಳು. ಕಾಕಾ ಒಂದು ಮಾತೂ ಆಡಲಿಲ್ಲ. ಜೀವನದಲ್ಲಿ ಅವನು ಅಷ್ಟು ಹೊತ್ತು ಬಾಯಿ ಮುಚ್ಚಿ ಕುಳಿತದ್ದು ಅದೇ ಮೊದಲು. ಮುತ್ಯಾ ಆ ಕಡೆ ಕಿವಿಗೊಟ್ಟು, ಅಗಿಯುವ ಸಪ್ಪಳ ಕೇಳಿ, ಅವ್ವನಿಗೆ ಹೇಳಿದ:

“ಈ ಕಡಿ ಕುಂತೋರು ಏನೂ ಮಾತಾಡಲೊಲ್ರಲ್ಲ. ಪಾಪ, ಮೂಕ ಇರಬೇಕು. ಅವರಿಗಿ ಇನ್ನೊಂದು ಹಾಕವ್ವಾ.”

ಶಾಮು ನಗು ತಡೆಯಲಾರದೆ ಎದ್ದು ಕೊಂಪೆಯ ಹಿಂದೆ ಹೋದ. ಮುತ್ಯಾನಿಗೆ ನಿಜವಾಗಿ ತಿಳಿದಿರಲಿಲ್ಲವೋ, ತಿಳಿದೂ ಅಂದನೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಅವನು ಅಂಬಲಿಯ ರುಚಿಯ ಮಾತೆತ್ತುತ್ತಿದ್ದ. ಕಾಕಾ ಮಾತ್ರ ಆ ನಾಲ್ಕನೆಯದನ್ನೂ ಬಿಡಲಿಲ್ಲ. ತಲೆ ತಗ್ಗಿಸಿಕೊಂಡೇ ತಿಂದುಹಾಕಿದ.

ಅಪ್ಪ ಆ ದಿನ ಅವ್ವನ ಷರತ್ತಿಗೆ ಒಪ್ಪಿ, ಮುತ್ಯಾನನ್ನೂ ಒಪ್ಪಿಸಿ, ಎಲ್ಲರನ್ನೂ ಮೈಲೂರಿಗೆ ಕರೆತಂದ. ಹಲಗೆಯನ್ನು ಅವ್ವ ತಾನೇ ಗೋಡೆಯಿಂದ ಕಿತ್ತು ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳ ಮಾಡಿದಳು. ಮುತ್ಯಾ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡ, ಹೊಸ ತಾರೀಖಿಗೆ ಆಪರೇಷನ್ನೂ ಆಯಿತು. ಬಲಗಣ್ಣು ಬಂತು. ಎಡಗಣ್ಣು ಹೋಯಿತು. ಮೊದಲೇ ಕರೆತರಬೇಕಾಗಿತ್ತು ಎಂದು ಡಾಕ್ಟರು ಹೇಳಿದಾಗ ಅಪ್ಪ ನೆಲ ನೋಡಿದ. ವಯಸ್ಸಾದವರಿಗೆ ಹಾಗೆಲ್ಲ ಆಗುತ್ತದೆ ಎಂದು ಕಾಕಾ ಇಂಗ್ಲಿಷಿನಲ್ಲಿ ಹೇಳಿದ. ಪಟ್ಟಿ ಬಿಚ್ಚಿದ ದಿನ ಮುತ್ಯಾ ಮುಖವನ್ನು ಓರೆ ಮಾಡಿ, ಒಂದೇ ಕಣ್ಣಿನಿಂದ ಅವ್ವನನ್ನು ನೋಡಿ, ನೀನು ಇಷ್ಟು ಬಡಕಲಾಗಿದ್ದು ಯಾವಾಗ ಎಂದು ಕೇಳಿದ. ಅಪ್ಪನನ್ನು ನಾನು ಕೊನೆಯವರೆಗೂ ಚೆನ್ನಾಗಿ ನೋಡಿಕೊಂಡೆ, ಆದರೆ ಗೌರವಿಸಲಿಲ್ಲ.

ಅಪ್ಪ, ಅವ್ವ, ಮುತ್ಯಾ ಯಾರೂ ಈಗಿಲ್ಲ. ಕಾಕಾ ಇದ್ದಾನೆ. ಮದುವೆಯಾಗಲಿಲ್ಲ. ಅವನ ವಾಕ್ಯಗಳನ್ನು ಕೇಳಿಕೊಂಡು ಬಾಳುವ ಹೆಣ್ಣು ಮೂರೂ ತಾಲೂಕಿನಲ್ಲಿ ಸಿಗಲಿಲ್ಲ. ಮೈಲೂರಿನ ಅದೇ ಮನೆಯಲ್ಲಿ ನನ್ನ ಜೊತೆ ಇದ್ದಾನೆ. ಓಣಿಯ ಮಕ್ಕಳು ಮೊಬೈಲಿನಲ್ಲಿ ಯಾರೋ ಹಲ್ಲು ಕಿರಿಯುತ್ತ ಕಲಿಸುವ ‘ಇವತ್ತಿನ ಫ್ರೇಜಲ್ ವರ್ಬ್’ ನೋಡುತ್ತಾರೆ. ಅದು ಕಿವಿಗೆ ಬಿದ್ದರೆ ಕಾಕಾ ಕುಳಿತಲ್ಲೇ ನೆಟ್ಟಗಾಗುತ್ತಾನೆ. ಈಚೆಗೆ ಅವನಿಗೆ ಮರೆವು. ನನ್ನ ಹೆಸರು ತಪ್ಪುತ್ತದೆ, ಉಂಡದ್ದು ನೆನಪಿರುವುದಿಲ್ಲ, ಅವನ ಕಣ್ಣಿಗೂ ಪೊರೆ ಬಂದಿದೆ. ಔಷಧಿಯನ್ನು ನಾನೇ ಬಿಡುತ್ತೇನೆ. ಚಪ್ಪಲಿಯನ್ನು ಕಾಲ ಬಳಿ ತಂದಿಡುತ್ತೇನೆ. ಇದನ್ನು ಕಂಡ ನೆರೆಯವರು ನನ್ನನ್ನು ಬಹಳ ಮೃದು ಮನಸ್ಸಿನವಳೆಂದು ಹೊಗಳುತ್ತಾರೆ. ಅವರಿಗೆ ಏನೂ ತಿಳಿಯುವುದಿಲ್ಲ.

ಕಾನೂನು ಮಾತ್ರ ಅವನಿಗೆ ಮರೆತಿಲ್ಲ. ಯಾರದೆಂಬುದು ಮರೆತಿದೆ, ಅಷ್ಟೇ. ಮೊದಲನೆಯ ರೊಟ್ಟಿ ಮುಗಿದೊಡನೆ ಕೈಯನ್ನು ತಟ್ಟೆಯ ಅಂಚಿಗೆ ಇಟ್ಟು, ಬರಿಗೋಡೆಯ ಕಡೆ ಮುಖ ಎತ್ತಿ, ಹೆದರಿದ ದನಿಯಲ್ಲಿ ಶುರು ಮಾಡುತ್ತಾನೆ.

“ದಿ ಬಸ್… ದಿ ಭಾಲ್ಕಿ ಬಸ್ ಬ್ರೋಕ್…”

ಮುಂದಿನ ಪದ ಸಿಗುವುದಿಲ್ಲ. ಸಿಗದಿದ್ದರೆ ರೊಟ್ಟಿ ಇಲ್ಲವೆಂದು ಅವನು ನಿಜವಾಗಿ ನಂಬಿದ್ದಾನೆ. ಆ ಪದ ನನಗೆ ಗೊತ್ತು. ಹೇಳಿಕೊಡುವುದಿಲ್ಲ.

“ಉಣ್ರಿ ಕಾಕಾ” ಎನ್ನುತ್ತೇನೆ. ಅಷ್ಟರಲ್ಲಿ ಎರಡನೆಯ ರೊಟ್ಟಿ ಅವನ ತಟ್ಟೆಯಲ್ಲಿರುತ್ತದೆ.